ಮನೆಯಲ್ಲೇ ವೆನಿಲ್ಲಾ ಹದ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದಲ್ಲಿ ಹತ್ತಿಪ್ಪತ್ತು ವೆನಿಲ್ಲಾ ಬಳ್ಳಿ ಇಟ್ಟುಕೊಂಡು ವರ್ಷಕ್ಕೆ ಎರಡರಿಂದ ಹತ್ತು ಕೆಜಿ ಹಸಿ ಬೀನ್ಸ್ (ಅಂದರೆ ವೆನಿಲ್ಲಾ ಕೋಡು) ಕೊಯ್ಯುವವರಿಗಾಗಿ ಬರೆದದ್ದು. ಕ್ವಿಂಟಾಲ್ ಲೆಕ್ಕದಲ್ಲಿ ಬೆಳೆಯುವವರ ವ್ಯವಸ್ಥೆಯೇ ಬೇರೆ. ನಮ್ಮ ಮನೆ ಶಿರಸಿ ಕಡೆ. ಹಾಗಾಗಿ ಹವೆಯ ಮಾತೆಲ್ಲ ಇಲ್ಲಿನದೇ. ಘಟ್ಟದ ಕೆಳಗಿನವರು, ಬಯಲುಸೀಮೆಯವರು ದಿನಗಳ ಲೆಕ್ಕವನ್ನು ತುಸು ಹಿಂದೆ ಮುಂದೆ ಮಾಡಿಕೊಳ್ಳಿ.

ಹಸಿ ಕೋಡಿಗೆ ಒಂಚೂರೂ ಪರಿಮಳ ಇಲ್ಲ. ನಮ್ಮದು ಕಳಪೆ ಜಾತಿಯೇ?

ಅಲ್ಲ. ಯಾರ ತೋಟದ ಹಸಿ ಕೋಡು ಮೂಸಿದರೂ ಬೀನ್ಸ್ ಪಲ್ಯಕ್ಕೆ ಹೆಚ್ಚಿದ ವಾಸನೆಯಷ್ಟೇ ಬರುವುದು. ಪರಿಮಳ ಒಳಗೆ ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ. ಗ್ಲೂಕೋವೆನಿಲಿನ್ ಅಂತ ಅದರ ಹೆಸರು. ಕೋಡಿನಲ್ಲೇ ಇರುವ ಒಂದು ಕಿಣ್ವ ಆ ಸಕ್ಕರೆಯನ್ನು ಕತ್ತರಿಸಿ ಬಿಟ್ಟಾಗ ಪರಿಮಳದ ವೆನಿಲಿನ್ ಹೊರಬರುತ್ತದೆ. ಕೋಡು ಜೀವಂತ ಇರುವಷ್ಟು ದಿನ ಕಿಣ್ವ ಒಂದು ಕೋಣೆಯಲ್ಲಿ, ಸಕ್ಕರೆ ಇನ್ನೊಂದು ಕೋಣೆಯಲ್ಲಿ. ನಾವು ಮಾಡುವ ಕೆಲಸವೆಲ್ಲ ನಡುವಿನ ಗೋಡೆ ಕೆಡವಿ ಇಬ್ಬರನ್ನೂ ಸೇರಿಸಿ, ಅವರ ಕೆಲಸ ಮುಗಿಯುವವರೆಗೆ ಕೋಡು ಬಿಸಿಯಾಗಿ, ಹಸಿಯಾಗಿ ಇರುವಂತೆ ನೋಡಿಕೊಳ್ಳುವುದು.

ಅಡಿಕೆ, ಕಾಳುಮೆಣಸು ಒಣಗಿಸಿ ಗೊತ್ತಿದ್ದವರಿಗೆ ಇದೇನು ಕಷ್ಟ?

ಅದು ಗೊತ್ತಿರುವುದೇ ಕಷ್ಟ. ಅಡಿಕೆ ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಮೆಣಸು ಹಲ್ಲಿಗಿಟ್ಟರೆ ಕಟ್ ಅನ್ನಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ ಅನ್ನುವ ಹೆದರಿಕೆ ನಮ್ಮ ರಕ್ತದಲ್ಲೇ ಇದೆ. ವೆನಿಲ್ಲಾದಲ್ಲಿ ಮಾತ್ರ ಕಟ್ ಅಂದರೆ ಕೆಟ್ಟಿತು ಅಂತ ಅರ್ಥ.

ಮೊದಲ ವರ್ಷ ನಾಲ್ಕು ಕೆಜಿ ಕೊಯ್ದಿದ್ದೆ. ಬಿಸಿನೀರಿನಲ್ಲಿ ಅದ್ದುವುದು, ಕಂಬಳಿಯಲ್ಲಿ ಸುತ್ತಿ ಬೆವರಿಸುವುದು ಎಲ್ಲ ಸರಿಯಾಗಿಯೇ ಆಗಿತ್ತು. ಹತ್ತನೇ ದಿನ ಕೋಡು ಮೆತ್ತಗೆ, ಎಣ್ಣೆ ಸವರಿದಂತೆ ಚೆನ್ನಾಗಿ ಬಂದಿತ್ತು. ನಮ್ಮ ಆಯಿ ಮುಟ್ಟಿ ನೋಡಿ, "ತಮಾ, ಇನ್ನೂ ಒಣಗಿದ್ದಿಲ್ಯಲ, ಮತ್ತೆರಡು ದಿನ ಬಿಸಿಲಿಗೆ ಹಾಕು" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಎರಡು ದಿನ ಹೋಗಿ ಆರು ದಿನವಾಯಿತು. ಅಂಗಳದ ಚಾಲಿ ಅಡಿಕೆಯ ಪಕ್ಕದಲ್ಲೇ ತಟ್ಟಿಯ ಮೇಲೆ ಬೆಳಗಿನಿಂದ ಸಂಜೆವರೆಗೆ ಒಣಗಿ, ಕೊನೆಗೆ ಹುಣಸೆ ಬರಲಿನ ಹಾಗೆ ಆದವು. ಬಗ್ಗಿಸಿದರೆ ಮುರಿಯುತ್ತಿದ್ದವು. ಒಳಗಿನ ಸಣ್ಣ ಕಪ್ಪು ಬೀಜ ಪುಡಿಯಾಗಿ ಉದುರುತ್ತಿತ್ತು. ಕೊಳ್ಳಲು ಬಂದವರು ಒಂದನ್ನು ಎತ್ತಿ ಮುರಿದು, ಮಾತಾಡದೆ ಡಬ್ಬದಲ್ಲಿ ವಾಪಸ್ ಇಟ್ಟರು.

ಆದ್ದರಿಂದಲೇ ಇಲ್ಲಿ 'ಒಣಗಿಸುವುದು' ಅನ್ನುವ ಮಾತನ್ನು ಆದಷ್ಟು ಕಡಿಮೆ ಮಾಡಿ 'ಹದ' ಅನ್ನುತ್ತಿದ್ದೇನೆ.

ಕೊಯ್ಲು ಯಾವಾಗ?

ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಒಂಬತ್ತು ತಿಂಗಳ ಮೇಲೆ. ಕೋಡಿನ ತುದಿಯಲ್ಲಿ ಹಳದಿ ಇಣುಕಿದಾಗ ಕೊಯ್ಯಬೇಕು. ಪೂರ್ತಿ ಹಸಿರಿದ್ದಾಗ ಕೊಯ್ದರೆ ವೆನಿಲಿನ್ ಕಡಿಮೆ, ಬೂಷ್ಟು ಜಾಸ್ತಿ. ಹಳದಿ ಮೇಲೇರುವವರೆಗೆ ಬಿಟ್ಟರೆ ಕೋಡು ತುದಿಯಿಂದ ಸೀಳುತ್ತದೆ. ಗೊಂಚಲಿನ ಕೋಡುಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ, ಆದ್ದರಿಂದ ವಾರಕ್ಕೆರಡು ಸಲ ತೋಟ ಸುತ್ತಿ ಬಲಿತದ್ದನ್ನಷ್ಟೇ ತೆಗೆಯಿರಿ. ಕಳ್ಳರ ಭಯಕ್ಕೆ ಎಳೆಯದನ್ನೇ ಕೊಯ್ದ ಕಾಲ ಒಂದಿತ್ತು. ಈಗ ಆ ಅವಸರವಿಲ್ಲ.

ಬಳ್ಳಿಯ ಲೋಳೆ ಮೈಗೆ ತಾಗಿದರೆ ತುರಿಕೆ ಬರುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೊಯ್ದ ಮೂರ್ನಾಲ್ಕು ದಿನದೊಳಗೆ ಮುಂದಿನ ಕೆಲಸ ಶುರುವಾಗಲಿ.

ಬಿಸಿನೀರಿನಲ್ಲಿ ಎಷ್ಟು ಹೊತ್ತು ಅದ್ದಬೇಕು?

63ರಿಂದ 65 ಡಿಗ್ರಿ ಸೆಲ್ಸಿಯಸ್ ನೀರು. ಉದ್ದನೆಯ ಕೋಡಿಗೆ 3 ನಿಮಿಷ, ಮಧ್ಯಮಕ್ಕೆ ಎರಡೂವರೆ, ಗಿಡ್ಡ ಮತ್ತು ಸೀಳಿದ್ದಕ್ಕೆ 2. ಉದ್ದದ ಪ್ರಕಾರ ಮೊದಲೇ ಬೇರೆ ಮಾಡಿ, ಬಿದಿರ ಬುಟ್ಟಿಯಲ್ಲಿ ತುಂಬಿ ಮುಳುಗಿಸಿ. ಕೋಡು ಬೇಯಿಸುವ ಉದ್ದೇಶವಿಲ್ಲ. ಜೀವ ಹೋಗಬೇಕು, ಕಿಣ್ವ ಉಳಿಯಬೇಕು. ನೀರು 75-80 ಮುಟ್ಟಿದರೆ ಕಿಣ್ವವೇ ಸತ್ತು, ಆಮೇಲೆ ತಿಂಗಳುಗಟ್ಟಲೆ ಕಂಬಳಿ ಹೊದಿಸಿದರೂ ಪರಿಮಳ ಹುಟ್ಟುವುದಿಲ್ಲ. ನೀರು ತಣ್ಣಗಿದ್ದರೆ ಕೋಡು ಅರೆಜೀವವಾಗಿ ಉಳಿದು, ಮರುದಿನ ಅಲ್ಲಲ್ಲಿ ಹಸಿರು ಕಾಣುತ್ತದೆ.

ಬುಟ್ಟಿ ಇಳಿಸಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಎರಡು ಕೆಜಿ ಕೋಡಿಗೆ ಕನಿಷ್ಠ ಹತ್ತು ಲೀಟರ್ ನೀರಿರಲಿ. ಬಚ್ಚಲ ತಾಮ್ರದ ಹಂಡೆ ಇದ್ದರೆ ಅದರಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ, ತುಂಬ ನೀರು ಹಿಡಿಯುವುದರಿಂದ ಬಿಸಿ ಬೇಗ ಇಳಿಯುವುದಿಲ್ಲ.

ಥರ್ಮಾಮೀಟರ್ ಇಲ್ಲದೆ ಆಗುವುದಿಲ್ಲವೇ?

ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 60ರ ಮೇಲೆ ಚೂರು ಬರುತ್ತದೆ. ಒಂದು ತಂಬಿಗೆ ಕುದಿನೀರು ಹೆಚ್ಚು ಹಾಕಿದರೆ ಹತ್ತಿರ ಹತ್ತಿರ ಸರಿ. ಆದರೆ ವರ್ಷವಿಡೀ ಕಾದ ಬೆಳೆಯನ್ನು ಅಂದಾಜಿನ ಮೇಲೆ ಬಿಡಬೇಡಿ. ಥರ್ಮಾಮೀಟರ್ ತನ್ನಿ. ಜ್ವರ ನೋಡುವುದು ಬೇಡ, ಅದು 42 ದಾಟುವುದಿಲ್ಲ. (ನಗಬೇಡಿ, ಈ ಪ್ರಶ್ನೆ ಮೂರು ಜನ ಕೇಳಿದ್ದಾರೆ.)

ಹೀಗೆ ಬಿಸಿನೀರಿನಲ್ಲಿ ಅದ್ದುವುದನ್ನು ಬೂರ್ಬೋನ್ ಪದ್ಧತಿ ಅನ್ನುವುದೇಕೆ?

ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದ ಹಳೆಯ ಹೆಸರು ಬೂರ್ಬೋನ್. ಬಳ್ಳಿಯ ತವರು ಮೆಕ್ಸಿಕೊ. ಅಲ್ಲಿ ಕೋಡನ್ನು ಬಿಸಿಲಿನಲ್ಲೋ ಒಲೆಯ ಬಿಸಿಯಲ್ಲೋ ಕೊಲ್ಲುವುದು ರೂಢಿ. ಬಿಸಿನೀರಿನ ದಾರಿ ಗಟ್ಟಿಯಾಗಿ ಬೆಳೆದದ್ದು ಬೂರ್ಬೋನ್ ಮತ್ತು ಮಡಗಾಸ್ಕರ್ ಕಡೆ. ಪರಾಗ ಮುಟ್ಟಿಸಲು ನಾವು ಹೂವಿಗೆ ಕಡ್ಡಿ ಆಡಿಸುತ್ತೇವಲ್ಲ, ಆ ಸುಲಭದ ಉಪಾಯವೂ ಆ ದ್ವೀಪದ್ದೇ. 1841ರಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ ಹನ್ನೆರಡು ವರ್ಷದ ಗುಲಾಮ ಹುಡುಗ ತೋರಿಸಿಕೊಟ್ಟದ್ದು. ಜಗತ್ತಿನ ವೆನಿಲ್ಲಾ ತೋಟಗಳೆಲ್ಲ ಆ ಹುಡುಗನ ಬೆರಳ ಮೇಲೆ ನಿಂತಿವೆ. ಅವನು ಮಾತ್ರ ಬಡತನದಲ್ಲೇ ಸತ್ತ.

ಬೆವರಿಸುವುದು ಅಂದರೇನು? ಕಂಬಳಿಯೇ ಬೇಕೇ?

ನೀರಿನಿಂದ ಎತ್ತಿದ ಬುಟ್ಟಿ ಬಸಿದ ಕೂಡಲೇ, ಬಿಸಿ ಆರುವ ಮೊದಲೇ, ಕೋಡುಗಳನ್ನು ಉಣ್ಣೆ ಕಂಬಳಿಯಲ್ಲಿ ಸುತ್ತಿ ಮುಚ್ಚಳದ ಮರದ ಪೆಟ್ಟಿಗೆಯಲ್ಲಿಡಬೇಕು. ಒಂದು ರಾತ್ರಿ, ಒಂದು ಹಗಲು. ಮರುದಿನ ತೆರೆದಾಗ ಹಸಿರೆಲ್ಲ ಹೋಗಿ ಚಾಕಲೇಟ್ ಬಣ್ಣ ಬಂದಿರುತ್ತದೆ, ಮೈಮೇಲೆ ಬೆವರಿನ ಹನಿ. ಮೊದಲ ಸಲ ಆ ಬಣ್ಣ ನೋಡಿದಾಗ ಆಗುವ ಖುಷಿಯೇ ಬೇರೆ. ಎಲ್ಲಿಯಾದರೂ ಹಸಿರು ಉಳಿದ ಕೋಡಿದ್ದರೆ ಅದನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದಿ ಸುತ್ತಿಡಿ.

ಕಂಬಳಿಯ ಬಗ್ಗೆ ಹೇಳುವುದಾದರೆ, ಗದ್ದೆಗೆ ಮಳೆಗಾಲದಲ್ಲಿ ಹೊದ್ದುಕೊಂಡು ಹೋಗುತ್ತಿದ್ದ ಕರಿಕಂಬಳಿ ಈ ಕೆಲಸಕ್ಕೆಂದೇ ನೇಯ್ದಂತಿದೆ. ಬಿಸಿ ಹಿಡಿದಿಡುತ್ತದೆ, ಬೆವರು ಹೀರುತ್ತದೆ, ಕಪ್ಪಾದ್ದರಿಂದ ಬಿಸಿಲಿನಲ್ಲಿ ಬೇಗ ಕಾಯುತ್ತದೆ. ಪಾಲಿಯೆಸ್ಟರ್ ಹೊದಿಕೆ ಬೇಡ. ಅದು ಬೆವರನ್ನು ಹೀರದೆ ಕೋಡಿನ ಮೇಲೇ ಬಿಡುತ್ತದೆ. ಕಂಬಳಿಯನ್ನು ಮುಂಚೆ ಸೀಗೆಪುಡಿಯಲ್ಲಿ ಒಗೆದು ಒಣಗಿಸಿ. ನುಸಿಗುಳಿಗೆಯ ಜೊತೆ ಮಡಿಸಿಟ್ಟಿದ್ದ ಕಂಬಳಿಯಾದರೆ ದಯವಿಟ್ಟು ಬೇಡ. ವೆನಿಲ್ಲಾ ಪಕ್ಕದ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ.

ದಿನಾ ಎಷ್ಟು ಹೊತ್ತು ಬಿಸಿಲು?

ಎರಡು ಗಂಟೆ, ಹೆಚ್ಚೆಂದರೆ ಮೂರು. ಹನ್ನೊಂದಕ್ಕೆ ಹರಡಿ, ಒಂದೂವರೆ-ಎರಡಕ್ಕೆ ಎತ್ತಿ. ನೆಲಕ್ಕೆ ಹಾಕದೆ ಮಂಚದ ಮೇಲೋ ಚಪ್ಪರದ ಮೇಲೋ ಕಂಬಳಿ ಹಾಸಿ. ಮೊದಲ ಒಂದು ಗಂಟೆ ಕೋಡು ಬಿಚ್ಚಾಗಿರಲಿ. ಆಮೇಲೆ ಕಂಬಳಿಯ ಇನ್ನೊಂದು ಅಂಚನ್ನು ಮೇಲೆ ಮಡಿಸಿ ಹೊದಿಸಿ. ಬೆರಳಿಗೆ ಚುರುಕು ಅನ್ನುವಷ್ಟು, ಅಂದರೆ 50 ಡಿಗ್ರಿ ಹತ್ತಿರ, ಬಿಸಿಯಾದಾಗ ಹಾಗೇ ಸುರುಳಿ ಸುತ್ತಿ ಪೆಟ್ಟಿಗೆಗೆ. ಬಿಸಿಯಲ್ಲೇ ಒಳಗೆ ಹೋಗಬೇಕು. ತಣ್ಣಗಾದ ಮೇಲೆ ಸುತ್ತಿದರೆ ಆ ದಿನದ ಬಿಸಿಲು ದಂಡ.

ಹೀಗೆ ಒಂದು ವಾರದಿಂದ ಹತ್ತು ದಿನ. ಕೋಡು ಮೆತ್ತಗಾಗಿ ಉದ್ದಕ್ಕೆ ಸುಕ್ಕು ಬಿದ್ದಾಗ ಬಿಸಿಲಿನ ಪಾಲು ಮುಗಿಯಿತು, ಮುಂದಿನದು ನೆರಳಿನಲ್ಲಿ. ಬೆಳಗಿನಿಂದ ಸಂಜೆವರೆಗೆ ಬಿಟ್ಟರೆ ಬೇಗ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಬೇಗ ಒಣಗುತ್ತದೆ, ಹದವಾಗುವುದಿಲ್ಲ. ಕಿಣ್ವ ಕೆಲಸ ಮಾಡುವುದು ನೀರಿನಲ್ಲಿ. ನೀರು ಅವಸರದಲ್ಲಿ ಹೋದರೆ ಅರ್ಧ ಪರಿಮಳ ಸಕ್ಕರೆಗೆ ಅಂಟಿಕೊಂಡೇ ಉಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.

ಮೋಡ ಹಿಡಿದರೆ? ಅಡಿಕೆ ಡ್ರೈಯರ್‌ಗೆ ಹಾಕಬಹುದೇ?

ಒಂದು ದಿನ ಮೋಡವಿದ್ದರೆ ಕೋಡನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರಡಿ, ಸಂಜೆ ಒಳಗಿಡಿ. ಎರಡು ದಿನ ದಾಟಿದರೆ ಕೃತಕ ಬಿಸಿ ಬೇಕೇ ಬೇಕು. ಒಂದು ಹಳೆಯ ಪೆಟ್ಟಿಗೆಯಲ್ಲಿ 60 ವ್ಯಾಟಿನ ಹಳೇ ಮಾದರಿಯ ಬಲ್ಬ್ ಹಾಕಿ 45-50 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಸಾಕು. ಎಲ್‌ಇಡಿ ಬಲ್ಬ್ ಅಷ್ಟು ಬಿಸಿ ಕೊಡುವುದಿಲ್ಲ.

ಅಡಿಕೆ ಡ್ರೈಯರ್ ಬೇಡ. ಬಿಸಿ ಹಿಡಿತಕ್ಕೆ ಸಿಗುವುದಿಲ್ಲ, ಹೊಗೆ ಬೇರೆ. ಒಲೆಯ ಮೇಲಿನ ಅಟ್ಟವೂ ಬೇಡ. ಒಮ್ಮೆ ಹೊಗೆ ಕುಡಿದ ವೆನಿಲ್ಲಾ ಹಾಕಿದ ಪಾಯಸ ಸುಟ್ಟ ತಳದ ಪಾಯಸದ ಹಾಗೇ ಇರುತ್ತದೆ.

ನೆರಳಿನಲ್ಲಿ ಎಷ್ಟು ದಿನ? ಎಲ್ಲಿಗೆ ನಿಲ್ಲಿಸಬೇಕು?

ಎಲ್ಲರೂ ಎಡವುವುದು ಇಲ್ಲೇ. ಗಾಳಿಯಾಡುವ, ಬಿಸಿಲು ಬೀಳದ ಕೋಣೆಯಲ್ಲಿ ಬಲೆಯ ತಟ್ಟಿಗಳ ಮೇಲೆ ಒಂದೇ ಪದರವಾಗಿ ಹರಡಿ. ಫ್ಯಾನ್ ನೇರ ತಾಗಬಾರದು. ಮೂರರಿಂದ ನಾಲ್ಕು ವಾರ ಅಂತ ಹೇಳಬಹುದು, ಆದರೆ ಕ್ಯಾಲೆಂಡರ್ ನೋಡಿ ಕೆಲಸ ಮಾಡಬೇಡಿ. ಒಂದೇ ಬಳ್ಳಿಯ ಎರಡು ಕೋಡು ಒಂದೇ ದಿನ ಹದಕ್ಕೆ ಬರುವುದಿಲ್ಲ. ದಪ್ಪದ್ದು ಇನ್ನೂ ರಬ್ಬರಿನಂತಿರುವಾಗ ಸಪೂರದ್ದು ಮುರಿಯಲು ತಯಾರಾಗಿರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಒಂದೊಂದನ್ನೂ ಕೈಯಲ್ಲಿ ಎಳೆದು ನೋಡಿ, ಆದದ್ದನ್ನು ತೆಗೆಯುತ್ತಾ ಹೋಗಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರಿದರೆ ಒಳಗಿನ ಎಣ್ಣೆ ಮೈಗೆ ಹರಡಿ ಹೊಳಪೂ ಬರುತ್ತದೆ.

ನಾನು ನಂಬುವುದು ಮೂರು ಪರೀಕ್ಷೆಗಳನ್ನು. ಕೋಡನ್ನು ತೋರುಬೆರಳಿಗೆ ಉಂಗುರದಂತೆ ಸುತ್ತಿ. ಸೀಳು ಬಿಡದೆ ಸುತ್ತಿಕೊಂಡು, ಬಿಟ್ಟಾಗ ಸಾವಕಾಶ ಬಿಚ್ಚಿಕೊಂಡರೆ ಹದ. ಸ್ಪ್ರಿಂಗಿನಂತೆ ಹಾರಿದರೆ ಇನ್ನೂ ಹಸಿ. ಎರಡನೆಯದು, ನಾಲ್ಕು ಕೋಡನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಗಾಜಿನ ಒಳಮೈ ಮಂಜಾಗಿದ್ದರೆ ತಟ್ಟಿಗೆ ವಾಪಸ್.

ಮೂರನೆಯದು ತಕ್ಕಡಿ. ಕೊಯ್ದ ದಿನವೇ ಹತ್ತು ಕೋಡಿಗೆ ಕೆಂಪು ದಾರ ಕಟ್ಟಿ ತೂಕ ಬರೆದಿಡಿ. ಹೋದ ಸಲ ನನ್ನ ಹತ್ತು ಕೋಡು 180 ಗ್ರಾಂ ಇದ್ದವು. 36 ಗ್ರಾಂಗೆ ಬಂದಾಗ ಬಾಟಲಿ ಪರೀಕ್ಷೆ ಶುರು ಮಾಡಿದೆ, 31ಕ್ಕೆ ನಿಲ್ಲಿಸಿದೆ. ಐದರಲ್ಲಿ ಒಂದು ಪಾಲಿಗೂ ಆರರಲ್ಲಿ ಒಂದು ಪಾಲಿಗೂ ನಡುವೆ ಎಲ್ಲೋ ನಿಮ್ಮ ಹದ ಇದೆ. ಆರು ದಾಟಿ ಏಳರ ಕಡೆ ಹೊರಟರೆ ಕೈ ತಡೆಯಿರಿ.

ತೇವಾಂಶ ಎಷ್ಟು ಉಳಿಯಬೇಕು ಅಂತ ಒಂದು ಅಂಕಿ ಹೇಳಿ.

ಬಹುತೇಕ ವ್ಯಾಪಾರ ನಡೆಯುವುದು ಶೇ. 20ರಿಂದ 25ರಲ್ಲಿ. ಅಡುಗೆಯವರು ಇಷ್ಟಪಡುವ ದಪ್ಪ, ರಸಭರಿತ ಕೋಡಿನಲ್ಲಿ ಶೇ. 30 ಅಥವಾ ಇನ್ನೂ ತುಸು ಹೆಚ್ಚೇ ಇರುತ್ತದೆ, ಆದರೆ ಅದನ್ನು ಬೂಷ್ಟು ಬಾರದಂತೆ ಕಾಯುವುದು ಕಷ್ಟ. ನಮ್ಮ ಮಲೆನಾಡಿನ ಹವೆಗೆ 25 ಕ್ಷೇಮ.

ದುಡ್ಡಿನ ಲೆಕ್ಕವೂ ಇದೆ. ಶೇ. 25 ತೇವದ ಒಂದು ಕೆಜಿಯಲ್ಲಿ ಒಣ ಪದಾರ್ಥ 750 ಗ್ರಾಂ. ಅದನ್ನೇ ಶೇ. 15ಕ್ಕೆ ಒಣಗಿಸಿದರೆ ತೂಕ 882 ಗ್ರಾಂಗೆ ಇಳಿಯುತ್ತದೆ. 118 ಗ್ರಾಂ ನೀರು ಗಾಳಿಗೆ ಹೋಯಿತು, ಜೊತೆಗೆ ಮಾಲು ಕೆಳಗಿನ ದರ್ಜೆಗೂ ಇಳಿಯಿತು.

ಜಾಸ್ತಿ ಒಣಗಿಬಿಟ್ಟಿದೆ. ನೀರು ಚಿಮುಕಿಸಲೇ?

ಬೇಡವೇ ಬೇಡ. ಮೇಲ್ಮೈ ಮಾತ್ರ ಒದ್ದೆಯಾಗಿ ನಾಲ್ಕೇ ದಿನದಲ್ಲಿ ಬೂಷ್ಟು. ಸ್ವಲ್ಪ ಹೆಚ್ಚು ತೇವವಿರುವ ಒಳ್ಳೆಯ ಕೋಡುಗಳ ಜೊತೆ ಒಂದೇ ಬಾಟಲಿಯಲ್ಲಿ ಮುಚ್ಚಿ ಹದಿನೈದು ದಿನ ಇಡಿ. ಒಂದರ ತೇವ ಇನ್ನೊಂದಕ್ಕೆ ಹಂಚಿಹೋಗುತ್ತದೆ. ಬಗ್ಗುವ ಗುಣ ಅಷ್ಟಿಷ್ಟು ಬರುತ್ತದೆ, ಹೋದ ಪರಿಮಳ ಬರುವುದಿಲ್ಲ. ಪೂರ್ತಿ ಕಡ್ಡಿಯಾದದ್ದು ಎಸೆನ್ಸ್‌ಗೆ ಅಡ್ಡಿಯಿಲ್ಲ.

ಕೋಡಿನ ಮೇಲೆ ಬೆಳ್ಳಗೆ ಏನೋ ಬಂದಿದೆ. ಎಸೆಯಲೇ?

ಮೊದಲು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಸೂಜಿಗಳಂತೆ ಮಿನುಗಿದರೆ ವೆನಿಲಿನ್ ಹರಳು. ಅದು ಒಳ್ಳೆಯ ಮಾಲಿನ ಗುರುತು, ಖುಷಿಪಡಿ. ಮಂಕಾಗಿ, ಹತ್ತಿಯಂತೆ, ಬೂದು-ಹಸಿರು ಛಾಯೆಯಲ್ಲಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಅಂಥ ಕೋಡನ್ನು ಒರೆಸಿ ವಾಪಸ್ ಇಡುವ ಆಸೆ ಬೇಡ, ಒಲೆಗೆ ಹಾಕಿ. ಅದೇ ಕಟ್ಟಿನ ಉಳಿದವನ್ನು ಬಿಚ್ಚಿ, ಒಂದು ಗಂಟೆ ಬಿಸಿಲು ತೋರಿಸಿ, ಬೇರೆ ಪೆಟ್ಟಿಗೆಯಲ್ಲಿ ಹದಿನೈದು ದಿನ ಕಣ್ಣಿಟ್ಟಿರಿ. ಬೂಷ್ಟು ಹೆಚ್ಚಾಗಿ ಶುರುವಾಗುವುದು ತೊಟ್ಟಿನ ಕಡೆಯಿಂದ. ಮೊದಲು ಅಲ್ಲಿ ನೋಡಿ.

ಇಷ್ಟಾದ ಮೇಲೂ ಕೋಡನ್ನು ಪೆಟ್ಟಿಗೆಯಲ್ಲಿ ಮೂರು ತಿಂಗಳು ಇಡಬೇಕು ಅನ್ನುತ್ತಾರಲ್ಲ, ಯಾಕೆ?

ತಟ್ಟಿಯಿಂದ ಎತ್ತಿದ ದಿನ ಕೋಡಿಗೆ ಒಣದ್ರಾಕ್ಷಿ, ಜೋನಿಬೆಲ್ಲ ಬೆರೆತ ವಾಸನೆ ಇರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ವೆನಿಲ್ಲಾ ಅಂತ ಕಣ್ಣುಮುಚ್ಚಿ ಹೇಳುವ ಹಾಗಿರುವುದಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ನಿಧಾನಕ್ಕೆ ಅದು ತಿಳಿಯಾಗುತ್ತದೆ. ಐವತ್ತು ಐವತ್ತು ಕೋಡಿನ ಕಟ್ಟು ಮಾಡಿ ದಾರ ಸುತ್ತಿ, ಬಟರ್ ಪೇಪರ್ ಹಾಸಿದ ತಗಡಿನ ಅಥವಾ ವಾಸನೆಯಿಲ್ಲದ ಮರದ ಪೆಟ್ಟಿಗೆಯಲ್ಲಿಡಿ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿ ಕೊಟ್ಟು, ಮೂಸಿ, ಮುಚ್ಚಿ. ಹುಳಿ ವಾಸನೆ ಬಂದರೆ ಒಳಗೆ ನೀರು ಹೆಚ್ಚಿದೆ ಅಂತ ಅರ್ಥ.

ಫ್ರಿಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದಾಗಲೆಲ್ಲ ಮೈ ಬೆವರುತ್ತದೆ. ಪ್ಲಾಸ್ಟಿಕ್ ಡಬ್ಬವೂ ಬೇಡ. ಕರ್ಪೂರ, ಊದಿನಕಡ್ಡಿ ಇರುವ ದೇವರ ಕೋಣೆಯಿಂದ ದೂರ.

ಇಷ್ಟೆಲ್ಲ ಮಾಡುವ ಬದಲು ಹಸಿಯಾಗಿಯೇ ಮಾರಬಾರದೇ?

ಮಾರಬಹುದು. 2003-04ರ ಹೊತ್ತಿಗೆ ಮಲೆನಾಡಿನಲ್ಲಿ ಎಲ್ಲರೂ ಹಾಗೇ ಮಾರಿದರು. 2000ದಲ್ಲಿ ಮಡಗಾಸ್ಕರಿಗೆ ಹುಡಾ ಚಂಡಮಾರುತ ಬಡಿದ ಮೇಲೆ ಬೆಲೆ ಏರುತ್ತಾ ಹೋಗಿ, ಇಲ್ಲಿ ಹಸಿ ಬೀನ್ಸ್ ಕೆಜಿಗೆ 3,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು, ನಾಯಿ, ಬೇಲಿಗೆ ಕರೆಂಟು. ಬಳ್ಳಿಯ ತುಂಡನ್ನೇ ಮೀಟರ್ ಲೆಕ್ಕದಲ್ಲಿ ಮಾರಿದವರಿದ್ದಾರೆ. ಒಂದೆರಡು ವರ್ಷದೊಳಗೆ ಬೆಲೆ ನೆಲ ಕಚ್ಚಿ, ಕೊಯ್ಯುವ ಕೂಲಿ ಹುಟ್ಟದೆ ಜನ ಬಳ್ಳಿ ಕಿತ್ತು ಗೊಬ್ಬರಗುಂಡಿಗೆ ಹಾಕಿದರು. ಕೊಳೆರೋಗ ಉಳಿದದ್ದನ್ನು ಮುಗಿಸಿತು. ಆಗ ಹಸಿ ಮಾಲು ಹಿಡಿದು ಕೂತವನಿಗೆ ಬೇರೆ ದಾರಿ ಇರಲಿಲ್ಲ, ಹಸಿ ಕೋಡು ವಾರ ಕಾಯುವುದಿಲ್ಲ. ಹದ ಮಾಡಿದ ಕೋಡು ವರ್ಷಗಟ್ಟಲೆ ಕಾಯುತ್ತದೆ. ಎರಡು ಕೆಜಿ ಬೆಳೆಯುವವನಿಗೆ ಲಾಭದ ಮಾತು ದೊಡ್ಡದಲ್ಲ ನಿಜ, ಆದರೆ ಮಾರುವ ದಿನ ನಮ್ಮ ಕೈಯಲ್ಲಿರುತ್ತದೆ.

ಮನೆಯಲ್ಲೇ ಎಸೆನ್ಸ್ ಮಾಡುವುದು ಹೇಗೆ?

ಅಮೆರಿಕದ ನಿಯಮದ ಲೆಕ್ಕ ಹಿಡಿದರೆ ಒಂದು ಲೀಟರಿಗೆ ಸುಮಾರು 100 ಗ್ರಾಂ ಹದ ಮಾಡಿದ ಕೋಡು, ಶೇ. 35ಕ್ಕೆ ಕಡಿಮೆಯಿಲ್ಲದ ಆಲ್ಕೋಹಾಲ್. ವೋಡ್ಕಾ ಸಾಕು. ಕೋಡನ್ನು ಸೀಳಿ, ತುಂಡು ಮಾಡಿ, ಗಾಜಿನ ಬಾಟಲಿಯಲ್ಲಿ ಮುಳುಗಿಸಿ ಕತ್ತಲಲ್ಲಿಡಿ. ಆಗಾಗ ಅಲ್ಲಾಡಿಸಿ. ಎರಡು ತಿಂಗಳಿಗೆ ಬಳಸಬಹುದು, ಆರು ತಿಂಗಳಿಗೆ ಚೆನ್ನಾಗಿರುತ್ತದೆ. ಮನೆಗೆ ವೋಡ್ಕಾ ತರಲು ಸಂಕೋಚವಿದ್ದವರು ಸಕ್ಕರೆಯಲ್ಲಿ ಹೂತಿಡಿ.

ಹಾಲಿಗೆ ಹಾಕಿ ಕುದಿಸಿದ ಕೋಡು ಎಸೆಯಬೇಕೇ?

ಬೇಡ. ತೊಳೆದು, ಈ ಸಲ ಮಾತ್ರ ಕಟ್ ಅನ್ನುವವರೆಗೆ ಒಣಗಿಸಿ, ಸಕ್ಕರೆಯ ಜೊತೆ ಮಿಕ್ಸಿಗೆ ಹಾಕಿ. ನಮ್ಮ ಆಯಿ ಈಗ ಚಹಾಕ್ಕೂ ಅದನ್ನೇ ಹಾಕುತ್ತಾಳೆ.